ಗಂಗಿಯ ಎಡಗಾಲು

ಬೆಳ್ಳಿಯದು, ಕಪ್ಪು ದಾರವಲ್ಲ, ಕಿರುಬೆರಳು ದಪ್ಪದ ಬೆಳ್ಳಿಯ ಉಡಿದಾರ, ಸೊಂಟದ ಎರಡು ಮಡಿಕೆಯ ನಡುವೆ ಹುಗಿದುಕೊಂಡು ಬೆವರಿಗೆ ಮಿಂಚುತ್ತಿದೆ, ಮೂವತ್ತು ಜನರ ಬೋಟು ನಡೆಸುವ ತಾಂಡೇಲನಿಗೆ ಬೆಳ್ಳಿಯದಲ್ಲದೆ ಮತ್ತೆಂಥದ್ದು, ಬಲೆ ಎಳೆಯುವವರಿಗೆ ಕಪ್ಪು ದಾರ ಸಾಕು — ನೋಡಬಾರದೆಂದುಕೊಂಡೇ ಗಂಗಿ ನೋಡಿದಳು. ಬೀರಪ್ಪ ಅವಳ ಮನೆಯ ಹೊಸ್ತಿಲ ಮೇಲೆ ಕವುಚಿ ಮಲಗಿದ್ದಾನೆ, ತಲೆ ಅಂಗಳಕ್ಕೆ, ಕಾಲು ಮನೆಯೊಳಗೆ, ಅಂಗಿ ಬಿಚ್ಚಿ ಪಕ್ಕಕ್ಕಿಟ್ಟಿದ್ದಾನೆ, ಮಲಗುವುದಕ್ಕೇ ಕಾಲು ಗಂಟೆ ಹಿಡಿಯಿತು, ಬಾಗಿಲ ಚೌಕಟ್ಟು ಹಿಡಿದು ಒಂದೊಂದೇ ಮೊಣಕಾಲು ಊರಿ, ಅಯ್ಯೋ ಅವ್ವಾ ಎನ್ನುತ್ತ. ಬೆಳಿಗ್ಗೆ ಮುಖ ತೊಳೆಯಲು ಬಗ್ಗಿದವನಿಗೆ ಸೀನು ಬಂತಂತೆ, ಸೊಂಟ ಹಿಡಿದುಬಿಟ್ಟಿತಂತೆ. ಒಂದು ಸೀನಿಗೆ ಇಷ್ಟು. ಕಾರನ್ನೂ ಡ್ರೈವರನ್ನೂ ರಸ್ತೆಯಲ್ಲೇ ಬಿಟ್ಟು ಬಂದಿದ್ದಾನೆ, ಕಾಲಿಡುವಾಗ ಮೂರನೆಯವರು ನೋಡಬಾರದು, ಮಲಗಿದವರು ಮಾತಾಡಬಾರದು, ಕಾಲಿಡುವವಳೂ ಮಾತಾಡಬಾರದು, ತೊಳೆದ ಕಾಲನ್ನು ಒರೆಸಬಾರದು, ಒದ್ದೆ ಎಡಗಾಲು, ಮೂರು ಸಲ, ಆಮೇಲೆ ಎದ್ದವರು ಹಿಂದೆ ತಿರುಗಿ ನೋಡದೆ ಹೋಗಿಬಿಡಬೇಕು. ಈ ಬಾರದುಗಳನ್ನೆಲ್ಲ ಯಾರು ಮಾಡಿದರೋ, ಬೀರಪ್ಪನಂಥವರಿಗೆ ಅನುಕೂಲವಾಗಲಿ ಎಂದೇ ಮಾಡಿದ ಹಾಗಿದೆ. ಅವ್ವನ ಹೊಟ್ಟೆಯಿಂದ ಎಲ್ಲರಂತೆ ತಲೆ ಮೊದಲು ಬಾರದೆ ಕಾಲು ಮೊದಲು ಬಂದವಳು ಗಂಗಿ, ಅಂಥವರ ಕಾಲು ತಾಗಿದರೆ ಉಳುಕಿದ ಸೊಂಟ ನೆಟ್ಟಗಾಗುತ್ತದೆ ಎನ್ನುವುದು ಈ ಕಡಲ ಕರೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು, ಹಾಗಾಗಿ ರವಿವಾರ ಮಂಗಳವಾರ ಬೆಳಿಗ್ಗೆ ಧಾರೇಶ್ವರದ ಈ ಹೆಂಚಿನ ಮನೆಯ ಮುಂದೆ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ನಿಂತೇ ಇರುತ್ತಾರೆ. ಇವತ್ತು ರವಿವಾರ.

ತಂಬಿಗೆ ಎತ್ತಿದಳು, ಕಾಲಿಗೆ ನೀರು ಹೊಯ್ದುಕೊಳ್ಳಬೇಕು, ಬಗ್ಗದೆ, ನಿಂತಲ್ಲಿಂದಲೇ, ಬಗ್ಗಿದರೆ ಮತ್ತೆ ಏಳುವುದಕ್ಕೆ ಈ ತಾಂಡೇಲನನ್ನೇ ಕರೆಯಬೇಕಾದೀತು, ಇಬ್ಬರೂ ಒಂದೇ ಹೊಸ್ತಿಲ ಮೇಲೆ ಬಿದ್ದುಕೊಂಡಿರುವುದು, ಚೆನ್ನಾಗಿರುತ್ತದೆ ನೋಡುವವರಿಗೆ. ಅವಳ ಸೊಂಟದಲ್ಲಿರುವುದು ಸೀನಿಗೆ ಬಂದು ಸೀನಿಗೆ ಹೋಗುವಂಥದ್ದಲ್ಲ, ಐದು ವರ್ಷದ್ದು, ಅದಕ್ಕೆ ಹೆಸರಿದೆ, ನಂಬರಿದೆ, ಎಲ್ ಫೋರ್ ಎಲ್ ಫೈವ್, ಕುಮಟಾದ ಡಾಕ್ಟರು ಫಿಲ್ಮನ್ನು ದೀಪಕ್ಕೆ ಹಿಡಿದು ತೋರಿಸಿದ್ದರು, ಎರಡು ಎಲುಬಿನ ನಡುವಿನ ಗಾದಿ ಹೊರಗೆ ಜಾರಿ ನರವನ್ನು ಒತ್ತುತ್ತಿದೆ ನೋಡಿ ಎಂದು, ಗಾದಿಯಂತೆ, ಜನ್ಮದಲ್ಲಿ ಗಾದಿಯ ಮೇಲೆ ಮಲಗದವಳ ಬೆನ್ನೊಳಗೆ ಗಾದಿ. ಬೆಳಿಗ್ಗೆ ಏಳುವುದೆಂದರೆ ಮೊದಲು ಬಲಕ್ಕೆ ಹೊರಳಬೇಕು, ಮೊಣಕಾಲು ಮಡಚಬೇಕು, ಕೈ ಊರಿ ಏಡಿಯ ಹಾಗೆ ಅಡ್ಡಡ್ಡ ಏಳಬೇಕು, ಎದ್ದ ಮೇಲೆ ಗೋಡೆ ಹಿಡಿದು ನಿಂತು ಕಾಯಬೇಕು, ತೊಡೆಯ ಹಿಂದಿನಿಂದ ಹಿಮ್ಮಡಿಯವರೆಗೆ ಕಾದ ಸರಿಗೆ ಎಳೆದಂತೆ ಇಳಿಯುತ್ತದೆ ಅದು, ಎಡಗಾಲಿನಲ್ಲಿ, ಅದೇ ಎಡಗಾಲಿನಲ್ಲಿ, ಊರಿಗೆಲ್ಲ ಮದ್ದಾದ ಕಾಲೇ ಅವಳಿಗೆ ರೋಗ. ಆಮೇಲೆ ಬೆಲ್ಟು, ಭಟ್ಕಳದಲ್ಲಿರುವ ಮಗಳು ದೀಕ್ಷಾ ತಂದುಕೊಟ್ಟದ್ದು, ಒಳಗೆ ಪಟ್ಟಿ ಇರುವ ಬೆಲ್ಟು, ಬೇಸಿಗೆಯಲ್ಲಿ ಅದರ ಕೆಳಗೆ ಚರ್ಮ ಬೇಯುತ್ತದೆ, ಬಿಚ್ಚಿದರೆ ನಡು ಕಳಚಿ ಬಿದ್ದ ಹಾಗಾಗುತ್ತದೆ, ಗುಳಿಗೆ ಊಟದ ಮೇಲೆ, ಗುಳಿಗೆಯಿಂದ ಹೊಟ್ಟೆ ಉರಿದರೆ ಅದಕ್ಕೊಂದು ಗುಳಿಗೆ, ಮುಲಾಮಿನ ವಾಸನೆಗೆ ಬೆಕ್ಕು ಕೂಡ ಹತ್ತಿರ ಸುಳಿಯುವುದಿಲ್ಲ, ಮೀನಿನ ವಾಸನೆಯಿದ್ದ ಕಾಲದಲ್ಲಿ ಕಾಲು ಬಿಡದೆ ಸುತ್ತುತ್ತಿದ್ದ ಬೆಕ್ಕು. ನೋವು ಎಷ್ಟಿದೆ ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದಿದ್ದಳು ವ್ಯಾಯಾಮ ಕಲಿಸುವ ಸುಷ್ಮಾ ಮೇಡಂ, ಒಳ್ಳೆಯ ಹುಡುಗಿ, ಗಂಗಿ ಏಳು ಎಂದಳು, ಎಂಟೆಂದರೆ ಆಪರೇಶನ್ ಎಂದಾರು ಎಂದು ಹೆದರಿ ಏಳು ಎಂದಳು. ಐದು ಕೇಜಿಗಿಂತ ಹೆಚ್ಚು ಭಾರ ಎತ್ತಲೇಬಾರದು ಅಮ್ಮ. ಗಂಡ ಅರವತ್ತೆಂಟು ಕೇಜಿ ಇದ್ದಾರೆ ಮೇಡಂ. ಆ ಹುಡುಗಿ ಪೆನ್ನು ಕೆಳಗಿಟ್ಟಳು, ಮನೆಯಲ್ಲಿ ಇನ್ನು ಯಾರೂ ಗಂಡಸರಿಲ್ಲವಾ ಎಂದಳು. ಇದ್ದಾರೆ, ಅವರನ್ನೇ ಎತ್ತಬೇಕಾದದ್ದು. ನಗು ಬಂದಿತ್ತು ಗಂಗಿಗೆ, ನಕ್ಕರೆ ಸೊಂಟ ಚಳಕ್ ಎನ್ನುತ್ತದೆಂದು ನಗಲಿಲ್ಲ.

ಒಳಗಿನ ಕೋಣೆಯಲ್ಲಿ ಗಂಡ ಸುಬ್ಬನ ಮೊಬೈಲಿನಿಂದ ಯಕ್ಷಗಾನದ ಚಂಡೆ, ಎದೆಯ ಮೇಲೆ ಮೊಬೈಲಿಟ್ಟುಕೊಂಡು ಇಡೀ ದಿನ ಅದೇ, ಹತ್ತು ಗಂಟೆಗೆ ಅವನನ್ನು ಎಡಕ್ಕೆ ಹೊರಳಿಸಬೇಕು, ಹನ್ನೆರಡಕ್ಕೆ ಬಲಕ್ಕೆ, ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಹೊರಳಿಸಿದರೆ ಅವಳ ಬೆನ್ನು, ಒಂದು ಬೆನ್ನಿಗೆ ಇನ್ನೊಂದು ಬೆನ್ನು ಬಲಿ, ಆರು ವರ್ಷದಿಂದ. ಕಂಕುಳಿಗೆ ಕೈಕೊಟ್ಟು ಎಳೆಯುವಾಗ ಅವನು ಕುತ್ತಿಗೆ ಬಿಗಿಹಿಡಿದು ತನ್ನ ಭಾರ ಕಡಿಮೆ ಮಾಡಲು ನೋಡುತ್ತಾನೆ ಪಾಪ, ಉಸಿರು ಬಿಗಿಹಿಡಿದರೆ ಮನುಷ್ಯ ಹಗುರಾಗುತ್ತಾನೆಯೇ. ಗಂಗಿ, ಯಾರು ಬಂದದ್ದು ಎಂದು ಆಗ ಕೇಳಿದ್ದ, ಅವಳು ತಂಬಿಗೆಗೆ ನೀರು ತುಂಬಿಕೊಂಡಳು, ಬೀರಪ್ಪ ಬಂದ ಕೆಮ್ಮನ್ನೂ ನುಂಗಿಕೊಂಡ. ಯಾರ ಸೊಂಟ ನೆಟ್ಟಗೆ ಮಾಡಿಲ್ಲ ಈ ಕಾಲು, ಕತಗಾಲದ ತೋಟದ ಭಟ್ಟರೊಬ್ಬರು ಬಂದಿದ್ದರು, ಒಳಗೆ ಬತ್ನಿಲ್ಲೆ, ಇಲ್ಲೇ ಆತು ಎಂದವರು, ಒಳಗೆ ಬರಲಾಗದವರಿಗೆ ಹೊಸ್ತಿಲ ಮೇಲೆ ಮಲಗಿ ಅವಳ ಕಾಲನ್ನು ಬೆನ್ನಿಗೆ ತಾಗಿಸಿಕೊಳ್ಳಲು ಏನೂ ಅಡ್ಡಿ ಕಾಣಲಿಲ್ಲ, ಮನೆಗೆ ಹೋಗಿ ಮಿಂದರೆ ಆಯಿತಲ್ಲ, ನೋವು ಹೋಗುವುದು ಹೋಗಿರುತ್ತದೆ ಮೈಲಿಗೆಯೂ ಹೋಗುತ್ತದೆ, ಭಟ್ಕಳದಿಂದ ಮುದುಕ ಸಾಹೇಬರು ಬಂದಿದ್ದರು, ಮುಂದಿನ ವಾರ ಅವರ ಮನೆಯಿಂದ ಖರ್ಜೂರ ಬಂತು. ಹಾಗೆಲ್ಲ ನೆಟ್ಟಗಾದದ್ದು ಅವಳ ಕಾಲಿಂದಲೋ, ಮೂರು ದಿನಕ್ಕೆ ತಾನಾಗಿಯೇ ಹೋಗುವಂಥದ್ದು ಹೋಯಿತೋ, ಸುಷ್ಮಾ ಮೇಡಂ ಅದಕ್ಕೂ ಒಂದು ಹೆಸರು ಹೇಳಿದ್ದಾಳೆ, ಸ್ನಾಯು ಸೆಳೆತ. ತಿಳಿದ ಮೇಲೂ ನೋವು ತಡೆಯದೆ ಒಂದು ಮಂಗಳವಾರ ಕದ್ದು ಕಾಗಾಲಕ್ಕೆ ಹೋಗಿ ಸಣ್ಣಮ್ಮನ ಹೊಸ್ತಿಲ ಮೇಲೆ ಗಂಗಿಯೂ ಮಲಗಿದಳಲ್ಲ, ಆ ಸಣ್ಣಮ್ಮನೂ ಕಾಲು ಮುಂದಾಗಿ ಹುಟ್ಟಿದವಳು, ತೊಂಬತ್ತು ದಾಟಿದ ಮುದುಕಿ, ಒಣಗಿದ ಮೀನಿನಂಥ ಅವಳ ಪಾದ ಬೆನ್ನಿಗೆ ತಾಗಿದ್ದೂ ಗೊತ್ತಾಗಲಿಲ್ಲ. ಎದ್ದು ಬರುವಾಗ ಹಿಂದೆ ತಿರುಗಬಾರದು, ತಿರುಗಲು ಸೊಂಟ ಬರಬೇಕಲ್ಲ, ನೆಟ್ಟಗೆ ಬಸ್ಸು ಹತ್ತಿದಳು, ಯಾವ ಗುಣವೂ ಕಾಣಲಿಲ್ಲ.

ಅದೇ ಸಣ್ಣಮ್ಮನ ಹತ್ತಿರ, ಸುಬ್ಬ ಇನ್ನೂ ನಡೆದಾಡುತ್ತಿದ್ದ ಕಾಲದಲ್ಲಿ, ಅತ್ತೆ ದುರ್ಗಮ್ಮ ಮಗನನ್ನು ಎರಡು ಸಲ ಕರೆದುಕೊಂಡು ಹೋಗಿದ್ದಳು, ಬಲೆ ಎಳೆದು ಉಳುಕಿದ ಸೊಂಟ, ಮನೆಯಲ್ಲೇ ಕಾಲು ಮುಂದಾಗಿ ಹುಟ್ಟಿದವಳು ಅನ್ನ ಬೇಯಿಸಿಕೊಂಡು ಕೂತಿರುವಾಗ ಅವನು ಕಾಗಾಲಕ್ಕೆ ಹೋಗಬೇಕು, ಹಿತ್ತಲ ಗಿಡ ಮದ್ದಲ್ಲವಲ್ಲ, ಅದಕ್ಕಲ್ಲವೇ, ಗಂಡನ ಮೈಗೆ ಹೆಂಡ್ತಿ ಕಾಲು ತಾಗೂಕಾಗ, ಮನೆ ಹಾಳಾಗ್ತದೆ ಎಂದಿದ್ದಳು ಅತ್ತೆ. ಊರಿನ ಗಂಡಸರೆಲ್ಲ ಅವಳ ಕಾಲಡಿ ಮಲಗಿ ಎದ್ದು ಹೋಗಬಹುದು, ಇವನೊಬ್ಬ ಆಗದು. ಸುಬ್ಬನೂ ತಾಯಿಯ ಹಿಂದೆ ಕರುವಿನ ಹಾಗೆ ಹೋದ, ಬಂದವನು ಈಗ ಹಗುರಾತು ಎಂದ, ಅವಳ ಮುಖವನ್ನೇ ನೋಡದೆ ಎಂದ, ಆ ಹಗುರ ಅವಳ ಎದೆಯಲ್ಲಿ ಕಲ್ಲಾಗಿ ಕೂತಿತು, ಅದನ್ನು ಯಾವ ಡಾಕ್ಟರ ಫಿಲ್ಮೂ ತೋರಿಸುವುದಿಲ್ಲ. ಹನಿ — ಅಲ್ಲ, ಈಗಲೇ ಅಲ್ಲ, ಮೊದಲು ಟೆಂಪೊ ಬಂತು. ಬೋಟುಗಳು ಮಳೆಗಾಲದ ರಜೆ ಮುಗಿಸಿ ಕಡಲಿಗಿಳಿದ ಮೂರನೆಯ ದಿನ, ಬೀರಪ್ಪನ ಬೋಟಿನ ಕೇಬಿನ್ನಿನ ಮಾಡಿನ ಮೇಲೆ ನಿಂತು ಮೀನಿನ ಗುಂಪು ಹುಡುಕುತ್ತಿದ್ದ ಸುಬ್ಬ ಜಾರಿ ಬೆನ್ನಡಿಯಾಗಿ ಬಿದ್ದ, ಹೊನ್ನಾವರದ ಬಂದರಿಗೆ ತಂದು, ಟೆಂಪೊದಲ್ಲಿ ಹಾಕಿಕೊಂಡು ಕುಮಟಾದ ಆಸ್ಪತ್ರೆಗೆ ಹೊರಟವರು ದಾರಿಯಲ್ಲಿ ಧಾರೇಶ್ವರದಲ್ಲಿ ಇಳಿಸಿದರು. ದಾರಿಯಲ್ಲೇ ಇತ್ತಲ್ಲ ಮನೆ. ಆಸ್ಪತ್ರೆಗೆ ಇನ್ನು ಏಳೆಂಟು ಕಿಲೋಮೀಟರು. ಸೊಂಟ ಹಿಡಿದದ್ದಷ್ಟೇ, ಕಾಲು ಆಡುತ್ತಿದೆ, ಒಂದು ಸಲ ಗಂಗಿ ಕಾಲು ತಾಗಿಸಿ ಹೋಗುವ, ಹೀಗೆಂದು ಟೆಂಪೊದಲ್ಲೇ ಮಾತಾಗಿತ್ತಂತೆ. ಕಾಲು ಆಡುತ್ತಿತ್ತು, ನಿಜ, ಹೊಸ್ತಿಲ ಮೇಲೆ ಇಳಿಸುವಾಗ ಅವನ ಹೆಬ್ಬೆರಳು ಮೇಲೆ ಕೆಳಗೆ ಆದದ್ದನ್ನು ಅವಳು ಈ ಕಣ್ಣಲ್ಲಿ ನೋಡಿದ್ದಾಳೆ, ಅದು ಆಡಿದ್ದು ಅದೇ ಕೊನೆ. ದುರ್ಗಮ್ಮ ದೇವಸ್ಥಾನಕ್ಕೆ ಹೋಗಿದ್ದಳು, ಬೇಡ ಎನ್ನಲು ಯಾರೂ ಇರಲಿಲ್ಲ.

ನಾಲ್ಕು ಜನ ಬೋಟಿನವರು ಮುಖ ತಿರುಗಿಸಿ ಅಂಗಳದಲ್ಲಿ ನಿಂತರು, ಬೀರಪ್ಪ ಒಬ್ಬನೇ ಸುಬ್ಬನ ಭುಜ ಹಿಡಿದು ಇತ್ತ ಮುಖ ಮಾಡಿ ಕೂತಿದ್ದ, ತಂಬಿಗೆ, ನೀರು, ಕಾಲು — ಕಾಲು ಎತ್ತಿದ್ದು ಮಾತ್ರ ನೆನಪಿಲ್ಲ, ಎಷ್ಟು ತಡಕಿದರೂ ಇಲ್ಲ, ನೆನಪು ಯಾವಾಗಲೂ ಹನಿಯಿಂದಲೇ ಶುರು, ಹಿಮ್ಮಡಿಯಿಂದ ಒಂದು ಹನಿ ಜಾರಿ ಸುಬ್ಬನ ಸೊಂಟದ ಕಪ್ಪು ದಾರದ ಮೇಲೆ ಬಿತ್ತು, ದಾರಕ್ಕೊಂದು ಮೀನಿನ ಹುರುಪೆ ಅಂಟಿತ್ತು, ಹನಿ ಅದರ ಮೇಲೆ ಕೂತು ಹೊಳೆಯಿತು, ಇಡು ಗಂಗಿ, ಎಂತ ನೋಡ್ತಿ, ಇಡು ಎಂದ ಬೀರಪ್ಪ. ಇಟ್ಟಳು. ಒಂದು. ಎರಡು. ಮೂರನೆಯದನ್ನು ಸ್ವಲ್ಪ ಊರಿದಳು, ಯಾರ ಬೆನ್ನಿಗೂ ಊರುವವಳಲ್ಲ ಅವಳು, ತಾಗಿಸಿದರೆ ಸಾಕು ಎಂದೇ ಅವ್ವ ಕಲಿಸಿದ್ದು, ಇವನಿಗೆ ಊರಿದಳು, ಕಟಕ್ ಎಂದಿತು, ಅಂಗಳದಲ್ಲಿ ಮುಖ ತಿರುಗಿಸಿ ನಿಂತವರೆಲ್ಲ ಹಾಂ, ಕೂತ್ಕಂತು, ಎಲುಬು ಕೂತ್ಕಂತು ಎಂದು ಖುಷಿಪಟ್ಟರು, ಖುಷಿಪಟ್ಟಳು ಅವಳೂ, ಆ ಕ್ಷಣ ಅವಳು ಸುಬ್ಬನನ್ನಲ್ಲ, ದುರ್ಗಮ್ಮನ ಮುಖವನ್ನು ನೆನೆದಳು, ನೋಡು ಅತ್ತೆ ಎಂದುಕೊಂಡಳು. ಏಳು ಸುಬ್ಬ ಎಂದರು. ಅವನು ಏಳಲಿಲ್ಲ. ಬಿದ್ದ ಮೇಲೆ ಕಾಲು ಆಡಿಸ್ತಿದ್ರಾ, ಮಧ್ಯದಲ್ಲಿ ಯಾರಾದರೂ ಬೆನ್ನಿಗೆ ಏನಾದರೂ ಮಾಡಿದ್ರಾ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಐದು ಜನರೂ ನೆಲ ನೋಡಿದರು, ಅವಳೂ ನೋಡಿದಳು, ಬಿಳಿ ಟೈಲ್ಸಿನ ಮೇಲೆ ಅವಳ ಎಡಗಾಲು, ಇನ್ನೂ ಒಣಗಿರಲಿಲ್ಲ.

ಊರು ತೀರ್ಪು ಕೊಡಲು ಡಾಕ್ಟರಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ, ಎಲುಬು ಮುರಿದ ಬೆನ್ನನ್ನು ತುಳಿಯಬಾರದಿತ್ತು ಎಂದು ಒಂದು ನಾಯಿಯೂ ಅನ್ನಲಿಲ್ಲ, ಹೆಂಡತಿಯ ಕಾಲು ಗಂಡನಿಗೆ ತಾಗಬಾರದಿತ್ತು ಎಂದರು. ಹಾಗೆಂದ ಮೇಲೆ ಕಾಲಿನ ತಪ್ಪೇನೂ ಇಲ್ಲವಲ್ಲ, ಹೆಂಡತಿಯದು ತಪ್ಪು, ಅದರ ಮುಂದಿನ ರವಿವಾರವೇ ಇಬ್ಬರು ಬಂದು ಅಂಗಳದಲ್ಲಿ ನಿಂತಿದ್ದರು, ಗಂಡನ ಮೇಲೇ ಅಷ್ಟು ಶಕ್ತಿ ತೋರಿಸಿದ ಕಾಲು ಎಂದರೆ ಸುಮ್ಮನೆಯೇ, ಮೊದಲಿಗಿಂತ ಹೆಚ್ಚು ಜನ, ಹೆಚ್ಚು ತೆಂಗಿನಕಾಯಿ. ನೀ ಕಾಲಿಟ್ಟದ್ದಕ್ಕೇ, ನೀ ಕಾಲಿಟ್ಟದ್ದಕ್ಕೇ ಎಂದು ದುರ್ಗಮ್ಮ ಸಾಯುವವರೆಗೂ ಜಪ ಮಾಡಿದಳು, ಬಾಯಿಗೆ ಗಂಜಿ ಹೊಯ್ಯುವಾಗಲೂ ಅದೇ. ಮತ್ತೆ ಬೀರಪ್ಪ, ಅವನು ಒಂದು ಚೀಲ ಅಕ್ಕಿ ಕಳಿಸಿದ, ಬಂದರಿನಲ್ಲಿ ಕೇಳಿದವರಿಗೆಲ್ಲ ಗಂಗಿ ಕಾಲಿಟ್ಟಳು, ಹೆಂಡ್ತಿ ಅಲ್ವಾ, ಜೀವ ತಡೀಲಿಲ್ಲ ಎಂದ, ಎಷ್ಟು ನಯ ನೋಡಿ ಮಾತು, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ, ತಾನು ಇಡು ಎಂದದ್ದನ್ನು ಮಾತ್ರ ನುಂಗಿ ನೀರು ಕುಡಿದ. ಆ ಇಡು ಕಿವಿಗೆ ಬಿದ್ದವರು ಅಂಗಳದಲ್ಲಿ ನಾಲ್ವರಿದ್ದರು, ನಾಲ್ವರೂ ಅವನ ಬೋಟಿನಲ್ಲೇ ಅನ್ನ ತಿನ್ನುವವರು. ಒಂದು ಮಾತು, ಅಷ್ಟೇ ಬೇಕಾದದ್ದು ಅವಳಿಗೆ, ದುಡ್ಡಲ್ಲ, ಅಕ್ಕಿಯಲ್ಲ, ಹೌದು ನಾ ಹೇಳಿದ್ದಕ್ಕೇ ಅವಳು ಇಟ್ಟದ್ದು ಎಂಬ ಒಂದು ಮಾತು, ಒಳಗೆ ಮಲಗಿದವನ ಕಿವಿಗೆ ಬೀಳುವ ಹಾಗೆ, ಸುಬ್ಬ ಆರು ವರ್ಷದಲ್ಲಿ ಒಂದು ದಿನವೂ ಅವಳನ್ನು ಬೈದವನಲ್ಲ, ನಾ ಬಿದ್ದದ್ದು ಎನ್ನುತ್ತಾನೆ, ನೀ ತುಳಿದದ್ದು ಎನ್ನುವುದಿಲ್ಲ, ಆದರೆ ಅವಳ ಎಡಗಾಲು ಮಂಚಕ್ಕೆ ತಾಗಿದರೆ ಅವನ ರೆಪ್ಪೆ ಒಮ್ಮೆ ಬಡಿಯುತ್ತದೆ. ಆ ರೆಪ್ಪೆ ಬಡಿಯದ ಹಾಗೆ ಆಗಬೇಕು. ರಾತ್ರಿ ಬಿಸಿನೀರಿನ ಚೀಲ ಸೊಂಟಕ್ಕೆ ಒತ್ತಿಕೊಂಡು ಮಲಗಿದಾಗೆಲ್ಲ ಅವಳು ಆ ಮಾತನ್ನು ಬೀರಪ್ಪನ ಬಾಯಲ್ಲಿ ಆಡಿಸಿ ನೋಡಿದ್ದಾಳೆ, ಬೇರೆ ಬೇರೆ ದನಿಯಲ್ಲಿ, ಆಡಿಸಿದ ರಾತ್ರಿ ಸ್ವಲ್ಪ ನಿದ್ದೆ ಬರುತ್ತಿತ್ತು.

ನೀರು ಹೊಯ್ದುಕೊಂಡಳು, ತಣ್ಣಗೆ, ಪಾದದ ನರಗಳು ಒಂದು ಸಲ ಕುಣಿದವು, ಬಲಗಾಲಿನ ಮೇಲೆ ಭಾರ ಹಾಕಿ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಳು, ಒಂಟಿಕಾಲಲ್ಲಿ ನಿಲ್ಲಲೇಬೇಡಿ ಅಮ್ಮ ಎಂದಿದ್ದಾಳೆ ಸುಷ್ಮಾ ಮೇಡಂ, ನಿಂತಳು, ಎಡಗಾಲು ಮೇಲೆ ಬಂತು, ಸರಿಗೆ ಕಾದು ಕೆಂಪಾಯಿತು, ಹಿಮ್ಮಡಿಯ ಕೆಳಗೆ ಬೆಳ್ಳಿಯ ದಾರ, ದಾರದ ಕೆಳಗೆ ಬೆನ್ನೆಲುಬು, ಇಷ್ಟು ದೊಡ್ಡ ಗಂಡಸಿನದೂ ಇಷ್ಟೇ ಸಣ್ಣ ಗಂಟು ಗಂಟು, ಊರಬಹುದು, ಈಗ ಊರಿದರೆ ಯಾರು ಏನೆನ್ನುತ್ತಾರೆ, ಮೂರನೆಯವರಿಲ್ಲ, ಊರಿದರೆ ಇವನ ಹೆಂಡತಿ ಇವನನ್ನು ಹೊರಳಿಸುತ್ತಾಳೆ ಹತ್ತಕ್ಕೆ, ಹನ್ನೆರಡಕ್ಕೆ — ಥೂ, ಅದಲ್ಲ ಬೇಕಾದದ್ದು, ಮಾತು ಬೇಕಾದದ್ದು, ಮಾತಾಡಬಾರದು, ಆಡಿದರೆ ಕಾಲಿನ ಗುಣ ಹೋಗುತ್ತದೆ, ಹೋಗಲಿ, ಹುಟ್ಟಿದಾಗಿಂದ ಹೊತ್ತದ್ದು ಸಾಕು, ಹಾಳಾಗಿ ಹೋಗಲಿ. ಬೀರಪ್ಪಣ್ಣ, ಆ ದಿನ ಇಡು ಹೇಳಿ ಹೇಳ್ದವ ಯಾರು. ಬೆನ್ನು ಬಿಗಿಯಾಯಿತು, ಬೆಳ್ಳಿಯ ದಾರ ಒಂದು ಮಡಿಕೆಯೊಳಗೆ ಮುಳುಗಿ ಮತ್ತೆ ಮೇಲೆ ಬಂತು. ಮಾತಾಡಬೇಡ ಗಂಗಿ, ಮಾತಾಡಿದ್ರೆ ತಾಗೂದಿಲ್ಲ. ತಾಗೂದು ಬೇಡ, ಯಾರು ಹೇಳಿದ್ದು ಹೇಳು. ಒಳಗೆ ಚಂಡೆ ನಿಂತಿತು, ಪದ ಅರ್ಧಕ್ಕೇ ತುಂಡಾಯಿತು, ಸುಬ್ಬ ಮೊಬೈಲು ಆರಿಸಿದ್ದಾನೆ, ಕೇಳುತ್ತಿದ್ದಾನೆ, ಕೇಳಲಿ, ಕೇಳಲಿ ಎಂದೇ. ಬೀರಪ್ಪ ನೆಲಕ್ಕೆ ಮುಖ ಇಟ್ಟುಕೊಂಡೇ ಉಸಿರು ಬಿಟ್ಟ, ನಾನೇ, ನಾನೇ ಹೇಳಿದ್ದು, ಅದ್ರಲ್ಲಿ ಎಂತ ಸುಳ್ಳುಂಟು. ಅಷ್ಟು ಸುಲಭಕ್ಕೆ. ಆರು ವರ್ಷ ಕಾದದ್ದು ಅಷ್ಟು ಸುಲಭಕ್ಕೆ ಬಂದು ಹೊಸ್ತಿಲ ಮೇಲೆ ಬಿತ್ತು, ಅವಳ ಎದೆ ಹಗುರಾಗಲು ಬಾಯಿ ತೆರೆಯಿತು, ಅಷ್ಟರಲ್ಲಿ ಅವನು ಮತ್ತೆ ಅಂದ, ಬಯ್ಯುವ ದನಿಯಲ್ಲ, ಸಿಟ್ಟಿಲ್ಲ, ತಂಗಿಗೆ ಹೇಳುವ ಹಾಗೆ ಮೆಲ್ಲಗೆ ಅಂದ, ಆದ್ರೆ ನಾ ಹೇಳೂಕಿಂತ ಮೊದ್ಲೇ ನಿನ್ನ ಕಾಲು ಎದ್ದಿತ್ತು ಗಂಗಿ, ಅದನ್ನ ನಾ ಇಷ್ಟು ವರ್ಷ ಯಾರ ಹತ್ರನೂ ಹೇಳ್ಲಿಲ್ಲ.

ಸುಳ್ಳು, ಸುಳ್ಳು ಹೇಳುತ್ತಾನೆ, ತಾಂಡೇಲರು ಯಾವತ್ತು ನಿಜ ಹೇಳಿದ್ದಾರೆ, ಇಡು ಎಂದ, ಎಂದ ಮೇಲೆ ಎತ್ತಿದಳು, ಮೊದಲು ಇಡು, ಆಮೇಲೆ — ಇಲ್ಲ, ಮೊದಲು ತಂಬಿಗೆ, ನೀರು, ಹನಿ ಬಿತ್ತು, ಆಮೇಲೆ ಇಡು, ಯಾವಾಗಲೂ ಹಾಗೇ, ಆರು ವರ್ಷದ ಒಂದೊಂದು ರಾತ್ರಿಯೂ ಹಾಗೇ, ಹನಿ ಮೊದಲು, ಹಿಮ್ಮಡಿಯಿಂದ ಜಾರಿದ ಹನಿ, ಅವನ ಸೊಂಟದ ಮೇಲೆ ಬೀಳಬೇಕಾದರೆ ಹಿಮ್ಮಡಿ ಎಲ್ಲಿತ್ತು. ಕಾಲು ಇಳಿಸಬೇಕು, ಇಳಿಯುವುದಿಲ್ಲ, ಸೊಂಟ ಹಿಡಿದಿದೆ, ಇಡಲೂ ಆಗದು ಹಿಂದಕ್ಕೆ ಎಳೆಯಲೂ ಆಗದು, ಹಿಮ್ಮಡಿಯ ಅಂಚಿನಲ್ಲಿ ನೀರು ಕೂಡಿಕೊಂಡು ದಪ್ಪವಾಗುತ್ತಿದೆ, ಕೆಳಗೆ ಬೆಳ್ಳಿಯದು, ಬೆಳ್ಳಿಯದಲ್ಲ, ಕಪ್ಪು ದಾರ, ದಾರಕ್ಕೆ ಅಂಟಿದ ಹುರುಪೆ, ಹುರುಪೆಯ ಮೇಲೆ ಹನಿ, ಕಪ್ಪು ದಾರದ ಮೇಲೆ ಹನಿ, ಹನಿ